ಡಿಪಿಎಫ್ ಲೈಟ್ ಬಂತಾ? ಫಿಲ್ಟರ್ ಬದಲಿಸೋ ಮುಂಚೆ ಇಷ್ಟು ನೋಡಿ

ಕಳೆದ ತಿಂಗಳು ಟೊಮೆಟೊ ತುಂಬಿಕೊಂಡು ಮಾರ್ಕೆಟ್‌ಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಡೀಸೆಲ್ ಪಿಕಪ್ ಎಳೆಯೋದೇ ನಿಲ್ಲಿಸ್ತು, ಡಿಪಿಎಫ್ ಲೈಟ್ ಬಂತು. ಗ್ಯಾರೇಜಿನವರು ‘ಫಿಲ್ಟರ್ ಹೋಗಿದೆ, ಹೊಸದು ಹಾಕ್ಬೇಕು’ ಅಂದ್ರು. ಎಲೆ ಹಳದಿ ಆದ ತಕ್ಷಣ ಗೊಬ್ಬರ ಸುರಿಯಲ್ಲ, ಮೊದಲು ಬೇರು ನೋಡ್ತೀವಿ. ಇಲ್ಲೂ ಹಾಗೇ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರು, ಪಿಕಪ್‌ಗಳಲ್ಲಿ ಹೊಗೆಯ ಮಸಿ ಹಿಡಿಯೋದು ಈ ಡಿಪಿಎಫ್ ಫಿಲ್ಟರ್. ತುಂಬಿದ ಮಸಿಯನ್ನು ಗಾಡಿ ಸುಮಾರು 600 ಡಿಗ್ರಿ ಶಾಖದಲ್ಲಿ ತಾನೇ ಸುಡುತ್ತೆ. ತೋಟಕ್ಕೂ ಊರಿಗೂ ಬರೀ ನಾಲ್ಕು ಕಿಲೋಮೀಟರ್ ಓಡಿಸಿದ್ರೆ ಆ ಶಾಖ ಬರಲ್ಲ.

ಎಷ್ಟು ಮಸಿ ತುಂಬಿದೆ ಅಂತ ಗಾಡಿಗೆ ತಿಳಿಸೋದು ಫಿಲ್ಟರಿನ ಎರಡೂ ಕಡೆಯ ಒತ್ತಡ ಅಳೆಯುವ ಸೆನ್ಸರ್. ಅದೇ ಕೆಟ್ಟರೆ ಚೆನ್ನಾಗಿರೋ ಫಿಲ್ಟರೂ ಕಟ್ಟಿಕೊಂಡಂತೆ ಕಾಣುತ್ತೆ. ಆದ್ದರಿಂದ:

1. ಸ್ಕ್ಯಾನರ್ ಹಾಕಿಸಿ, ಕೋಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ.
2. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಒತ್ತಡ ಸೊನ್ನೆಯ ಹತ್ತಿರ ಇರಬೇಕು. ಇಲ್ಲವಾದ್ರೆ ಸೆನ್ಸರ್ ಅಥವಾ ವೈರಿಂಗ್ ಮೇಲೆ ಅನುಮಾನ ಪಡಿ.
3. ಸೆನ್ಸರಿನ ಪೈಪ್ ಬಿರುಕು ಬಿಟ್ಟಿದೆಯಾ, ಕಟ್ಟಿಕೊಂಡಿದೆಯಾ ನೋಡಿ.

ನನ್ನ ಗಾಡೀಲಿ ಇಂಜಿನ್ ಆಫ್ ಇದ್ದಾಗಲೂ ಒತ್ತಡ ತೋರಿಸ್ತಿತ್ತು. ಸೆನ್ಸರ್ ಬದಲಿಸಿದ ಮೇಲೆ ಸರಿಹೋಯ್ತು, ಫಿಲ್ಟರಿನ ದುಡ್ಡು ಉಳೀತು.

ಇನ್ನೊಂದು ಮಾತು: ಮಸಿ ಸುಡುವಾಗ ಸೈಲೆನ್ಸರ್ ಕಡೆ ವಿಪರೀತ ಬಿಸಿ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ.