ಏಳು ನಿಮಿಷಕ್ಕೆ ದಕ್ಕದ ಸಿದ್ದಪ್ಪಾಜಿ

ಈಚೆಗೆ ಮದ್ದೂರು ತಾಲ್ಲೂಕಿನ ಹಳ್ಳಿಯೊಂದರ ಹಬ್ಬಕ್ಕೆ ಹೋಗಿದ್ದೆ. ಊರದೇವತೆಯ ಮುಂದೆ ಪೂಜಾ ಕುಣಿತ ನಡೆದಿತ್ತು. ಬಿದಿರಿನ ಚೌಕಟ್ಟಿಗೆ ಸೀರೆ ಸುತ್ತಿ, ದೇವಿಯ ಲೋಹದ ಮುಖವನ್ನು ಕಟ್ಟಿ, ಹೂವಿನಿಂದ ಸಿಂಗರಿಸಿದ ಭಾರವನ್ನು ತಲೆಯ ಮೇಲೆ ಹೊತ್ತು ಕುಣಿಯುವುದು ಮಂಡ್ಯ ಸೀಮೆಯ ಹೆಮ್ಮೆಯ ವಿದ್ಯೆ. ಈ ಕುಣಿತಕ್ಕೆ ಹಾಡಿಲ್ಲ. ತಮಟೆಯೇ ಅದರ ಮಾತು. ಅಂದು ಮೆರವಣಿಗೆಯ ಹಿಂದೆ ಲಾರಿಯೊಂದರಲ್ಲಿ ಆಳೆತ್ತರದ ಧ್ವನಿವರ್ಧಕಗಳೂ ಬರುತ್ತಿದ್ದವು. ಡಿಜೆ ಆರಂಭವಾದೊಡನೆ ತಮಟೆಯವರು ಕೈ ನಿಲ್ಲಿಸಿದರು. ಕುಣಿಯುತ್ತಿದ್ದ ಹುಡುಗ ಯಂತ್ರದ ಗತಿಗೆ ಹೆಜ್ಜೆ ಹೊಂದಿಸಲು ನೋಡಿದ. ಎರಡು ಸುತ್ತಿನಲ್ಲೇ ಪೂಜೆ ವಾಲಿತು. ಪಕ್ಕದಲ್ಲಿದ್ದವರು ಓಡಿಬಂದು ಹಿಡಿದುಕೊಂಡರು.

ಹುಡುಗನ ತಪ್ಪೇನೂ ಇರಲಿಲ್ಲ. ತಮಟೆ ಬಾರಿಸುವವನ ಕಣ್ಣು ಸದಾ ಕುಣಿಯುವವನ ಪಾದದ ಮೇಲಿರುತ್ತದೆ. ಕಾಲು ತಡವರಿಸಿದರೆ ಪೆಟ್ಟು ತಡೆಯುತ್ತದೆ, ಕಾಲು ಹುಮ್ಮಸ್ಸಿಗೆ ಬಂದರೆ ಪೆಟ್ಟು ಅದನ್ನು ಇನ್ನಷ್ಟು ಕೆಣಕುತ್ತದೆ. ಲಾರಿಯ ಮೇಲಿನ ಪೆಟ್ಟಿಗೆಗೆ ಕಣ್ಣಿಲ್ಲ.

ನಿವೃತ್ತ ಅಧಿಕಾರಿಯೊಬ್ಬ ಹೊಸತನ್ನು ಹಳಿಯಲು ಹೊರಟಿದ್ದಾನೆಂದು ಓದುಗರು ಭಾವಿಸಬಾರದು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿರುವ ನನ್ನ ತಂಗಿಯ ಮಗಳು ವಾರಾಂತ್ಯದಲ್ಲಿ 'ಬಚಾಟ' ಎಂಬ ನೃತ್ಯ ಕಲಿಯುತ್ತಾಳೆ. ಅದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದ್ದು. ಕುತೂಹಲದಿಂದ ಅದರ ಚರಿತ್ರೆಯನ್ನು ಓದಿದೆ. ಟ್ರುಹಿಯೋ ಎಂಬ ಸರ್ವಾಧಿಕಾರಿ 1961ರಲ್ಲಿ ಹತನಾದ ಮರುವರ್ಷ ಹೋಸೆ ಮ್ಯಾನುಯೆಲ್ ಕಾಲ್ದೆರೋನ್ ಈ ಬಗೆಯ ಮೊದಲ ಧ್ವನಿಮುದ್ರಣ ಮಾಡಿದ. ಹೆಂಡದಂಗಡಿಯ ಸಂಗೀತ, ಬಡವರ ಗೋಳು ಎಂದು ಅಲ್ಲಿನ ಸಭ್ಯಸ್ಥರು ಬಹುಕಾಲ ಮೂಗು ಮುರಿದರು. 1990ರಲ್ಲಿ ಹುವಾನ್ ಲೂಯಿಸ್ ಗೆರ್ರಾ ತನ್ನ 'ಬಚಾಟ ರೋಸಾ' ಸಂಪುಟದ ಮೂಲಕ ಅದನ್ನು ಸಭ್ಯರ ದಿವಾನಖಾನೆಗೆ ತಂದ. ಅನಂತರ ನ್ಯೂಯಾರ್ಕಿಗೆ ವಲಸೆ ಹೋದ ಕುಟುಂಬಗಳ ಹುಡುಗರು ಅದಕ್ಕೆ ಅಮೆರಿಕದ ಕಪ್ಪು ಜನರ ಸಂಗೀತವನ್ನು ಬೆರೆಸಿದರು. 2019ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂಗು ಮುರಿದವರ ಮಕ್ಕಳೇ ಆಗ ಚಪ್ಪಾಳೆ ತಟ್ಟಿರಬೇಕು.

ಓದುತ್ತಾ ಹೋದಂತೆ ನನಗೆ ನೆನಪಾದುದು ಮಳವಳ್ಳಿಯ ಕಡೆಯ ನೀಲಗಾರರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ ಹಿಡಿದು, ಹಿಮ್ಮೇಳದೊಡನೆ ಮಂಟೇಸ್ವಾಮಿ ಮತ್ತು ಸಿದ್ದಪ್ಪಾಜಿಯರ ಕಾವ್ಯವನ್ನು ಇರುಳಿಡೀ ಹಾಡುವ ದೀಕ್ಷಾಬದ್ಧ ಗಾಯಕರು ಇವರು. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಇದೇ ಮಳವಳ್ಳಿ ತಾಲ್ಲೂಕಿನಲ್ಲಿದೆ. ಕತೆಯ ಕೆಂಪಾಚಾರಿ ಮದ್ದೂರು ತಾಲ್ಲೂಕಿನ ನಿಡಘಟ್ಟದವನು. ಗುರುವಿನ ಶಿಷ್ಯನಾಗಿ ಸಿದ್ದಪ್ಪಾಜಿಯೆನಿಸಿದ ಅವನು ಕಬ್ಬಿಣದ ಭಿಕ್ಷೆ ಬೇಡಲು ಹೋಗುವುದು ಹಲಗೂರಿನ ಪಾಂಚಾಳರ ಮನೆಬಾಗಿಲಿಗೆ. ಒಂದು ಮಹಾಕಾವ್ಯದ ಭೂಗೋಳ ನಮ್ಮ ಬಸ್ಸಿನ ಬೋರ್ಡುಗಳ ಮೇಲೆಯೇ ಬರೆದಿದ್ದರೂ ನಮ್ಮಂತಹ ಅಕ್ಷರಸ್ಥರು ಬಹುಕಾಲ ಅದನ್ನು ಭಿಕ್ಷುಕರ ಹಾಡೆಂದೇ ಬಗೆದಿದ್ದೆವು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಎರಡು ಹಂತಗಳು ಕೂಡಿಕೊಂಡಿರುವುದೂ ನಿಡಘಟ್ಟದಲ್ಲಿಯೇ. 2023ರ ಮಾರ್ಚ್‌ನಲ್ಲಿ ಅದು ಉದ್ಘಾಟನೆಯಾದ ಮೇಲೆ ಕೆಂಪಾಚಾರಿಯ ಊರು ಕಾರಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಈ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದ್ದು ವಿದ್ವತ್ ಗ್ರಂಥಗಳಲ್ಲ, ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರ ಕಂಠ ಚಹಾದಂಗಡಿ, ಆಲೆಮನೆ, ಖಾಸಗಿ ಬಸ್ಸುಗಳಲ್ಲಿ ಕೇಳಿಸದ ದಿನವಿರಲಿಲ್ಲ. ಸಿನಿಮಾ ಕೂಡ ಹಿಂದೆ ಬೀಳಲಿಲ್ಲ. ನಾಗಾಭರಣ ನಿರ್ದೇಶನದ 'ಜನುಮದ ಜೋಡಿ' (1996) ಈ ಸೀಮೆಯ ಜಂಗಮರ ಹಾಡಿನ ಧಾಟಿಯನ್ನು ನಾಡಿಗೆಲ್ಲ ಪರಿಚಯಿಸಿತು. ಮಾದಪ್ಪನ ಭಕ್ತರ 'ಸೋಜುಗಾದ ಸೂಜುಮಲ್ಲಿಗೆ' 2021ರ 'ಗರುಡ ಗಮನ ವೃಷಭ ವಾಹನ' ಚಿತ್ರದಲ್ಲಿ ಹಿಂಸೆಯ ನಡುವೆ ಕೇಳಿಬಂದಾಗ, ಮಂಗಳೂರಿನ ಕತೆಗೂ ಮಲೆಯ ಮಾದಪ್ಪನಿಗೂ ಏನು ನಂಟೆಂದು ಮೊದಲು ಕಸಿವಿಸಿಗೊಂಡೆ. ಆಮೇಲೆ ಎರಡು ಸಲ ಕೇಳಿದೆ. ಗಿಟಾರು ಬಂದ ಮಾತ್ರಕ್ಕೆ ಹಾಡು ಕೆಡುವುದಿಲ್ಲ. ಹಾರ್ಮೋನಿಯಂ ಕೂಡ ನಮ್ಮ ಭಜನೆಮನೆಗಳಿಗೆ ಎಲ್ಲಿಂದಲೋ ಬಂದದ್ದೇ ಅಲ್ಲವೇ?

ಕೆಡುವುದು ಎಲ್ಲಿ ಎಂಬುದನ್ನು ನಾನು ಕಲಿತದ್ದು ನನ್ನದೇ ಪ್ರಮಾದದಿಂದ. ಸೇವೆಯಲ್ಲಿದ್ದಾಗ ಜಿಲ್ಲಾ ಮಟ್ಟದ ಉತ್ಸವವೊಂದರ ಕಾರ್ಯಕ್ರಮ ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಗಣ್ಯರ ಭಾಷಣ, ಸನ್ಮಾನ, ಬೆಂಗಳೂರಿನ ವಾದ್ಯವೃಂದ ಎಲ್ಲವನ್ನೂ ಹೊಂದಿಸಿ ನೀಲಗಾರರ ಮೇಳಕ್ಕೆ ಏಳು ನಿಮಿಷ ಎಂದು ಬರೆದೆ. ಹಿರಿಯ ಗಾಯಕರು ಪಟ್ಟಿಯನ್ನು ಮಗನಿಂದ ಓದಿಸಿ ಕೇಳಿ, ಮೆಲ್ಲಗೆ, ''ಏಳು ನಿಮಿಸದಲ್ಲಿ ತಂಬೂರಿ ಸುರುತಿ ಆಯ್ತದೆ ಬುದ್ಧಿ, ಸಿದ್ದಪ್ಪಾಜಿ ನಿಡಘಟ್ಟದ ಮನೆ ಹೊಸ್ಲೂ ದಾಟಾಕಿಲ್ಲ'' ಎಂದರು. ನಾನು ನಕ್ಕು ಹತ್ತು ನಿಮಿಷ ಮಾಡಿಕೊಟ್ಟೆ. ಔದಾರ್ಯ ತೋರಿದೆನೆಂಬ ಭ್ರಮೆಯೂ ನನಗಿತ್ತು! ಅವರು ವೇದಿಕೆ ಹತ್ತಿ ಸ್ತುತಿಯೊಂದನ್ನು ಹಾಡಿ ಇಳಿದರು. ಕತೆ ಹಾಡಲಿಲ್ಲ.

ಸಾಲುಸಾಲಾಗಿ ಬೆಳೆಯುವ ಕಾವ್ಯ ಅದು. ನಡುನಡುವೆ ವಚನದಂತಹ ಮಾತು, ನಗೆ, ಬೈಗುಳ, ಕೇಳುಗರ ಕಣ್ಣೀರು. ಅದೆಲ್ಲದರ ಬಳಿಕ ಹಿಮ್ಮೇಳದ ಸೊಲ್ಲು ಮರಳಿ ಬಂದಾಗ ಅದಕ್ಕೊಂದು ತೂಕ. ಸಮ್ಮಿಶ್ರ ಸಂಗೀತದ ಹೆಸರಿನಲ್ಲಿ ನಾವು ಎತ್ತಿಕೊಳ್ಳುತ್ತಿರುವುದು ಸೊಲ್ಲನ್ನು ಮಾತ್ರ. ಕಬ್ಬಿಣ ಬೇಡಿದವನೂ ಇಲ್ಲ, ಇಲ್ಲವೆಂದವರೂ ಇಲ್ಲ. ಇದಕ್ಕೆ ಡ್ರಮ್ಮು, ಕೀಬೋರ್ಡುಗಳನ್ನು ದೂಷಿಸುವುದು ಅನ್ಯಾಯ. ಕತ್ತರಿ ಹಿಡಿದವರು ನನ್ನಂತಹ ಪಟ್ಟಿ ಬರೆಯುವವರು.

ಅರ್ಥಶಾಸ್ತ್ರ ಓದಿದವನಾದ್ದರಿಂದ ಹಣದ ಮಾತನ್ನೂ ಆಡಲೇಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ಗಾಯಕರಿಗೂ ಗೌರವಧನದ ಪಾಲು ಸಲ್ಲಬೇಕೆಂದಿತು. ಆದರೆ ಆ ಪಾಲು ಮುದ್ರಣದಲ್ಲಿ ಹಾಡಿದವರಿಗೆ. ಹಾಡನ್ನು ಶತಮಾನಗಳಿಂದ ಬಾಯಲ್ಲಿ ಹೊತ್ತು ತಂದ ಗುರುಪರಂಪರೆ ಕಾನೂನಿನ ಕಣ್ಣಿಗೆ ಕರ್ತೃವಲ್ಲ. ಹೊಸ ವಾದ್ಯ ಜೋಡಿಸಿದವನದು ಸ್ವತ್ತು, ಮೂಲದವರದು 'ಸಾಂಪ್ರದಾಯಿಕ' ಎಂಬ ಒಂದು ಪದ. ಆ ಪದದ ಜಾಗದಲ್ಲಿ ಕಲಿಸಿಕೊಟ್ಟ ಮೇಳದ ಹೆಸರು, ಊರು ಮತ್ತು ಆದಾಯದಲ್ಲೊಂದು ಅಂಶ ಇರಲೆಂದು ಒಪ್ಪಂದ ಮಾಡಿಕೊಳ್ಳಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಸರ್ಕಾರಿ ಸಂಭಾವನೆಯನ್ನೂ ವೇದಿಕೆಯ ಲೆಕ್ಕದಲ್ಲಿ ಕೊಡುವ ಬದಲು ಹಾಡಿದ ಗಂಟೆಗಳ ಲೆಕ್ಕದಲ್ಲಿ ಕೊಟ್ಟು ನೋಡಬಹುದು.

ಅಧಿಕಾರದಲ್ಲಿದ್ದವರಿಗೆ ಇದು ಆಗದ ಕೆಲಸವೆನ್ನಲು ನನಗೆ ಬಾಯಿಲ್ಲ. ನಾಗಮಂಗಲ ತಾಲ್ಲೂಕಿನಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರೇ. 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ನಿಲ್ಲಿಸಿದರು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಜಾನಪದ ವಿದ್ವಾಂಸ ಗೊ.ರು. ಚನ್ನಬಸಪ್ಪನವರು ಅಧ್ಯಕ್ಷರಾದಾಗ ಈ ಮಾತು ಮತ್ತೆ ನೆನಪಾಯಿತು.

ಆ ಹಿರಿಯ ಗಾಯಕರು ಈಗಿಲ್ಲ. ಅಂದು ಪಟ್ಟಿ ಓದಿ ಹೇಳಿದ ಮಗ ಈಗ ಮೇಳ ನಡೆಸುತ್ತಾರೆ. ಅವರ ಮಗ ಕೀಬೋರ್ಡ್ ನುಡಿಸುತ್ತಾನೆ. ನಮ್ಮ ಮನೆಯ ಅಂಗಳದಲ್ಲಿ ಒಂದು ರಾತ್ರಿ ಹಲಗೂರಿನ ಸಾಲನ್ನು ಪೂರ್ತಿ ಹಾಡಬೇಕೆಂದು ಕಳೆದ ತಿಂಗಳು ಅವರನ್ನು ಕೇಳಿಕೊಂಡೆ. ಕೀಬೋರ್ಡೂ ಇರಲಿ ಎಂದೆ. ಅವರು ಹಣದ ಮಾತು ಎತ್ತಲಿಲ್ಲ. ''ಬೆಳಗಾನ ಕುಂತು ಕೇಳೋರು ಎಷ್ಟು ಜನ ಅದೀರಿ ಬುದ್ಧಿ?'' ಎಂದು ಮಾತ್ರ ಕೇಳಿದರು. ಅಂದಿನಿಂದ ನೆಂಟರಿಗೆ, ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡುತ್ತಿದ್ದೇನೆ. ತಂಗಿಯ ಮಗಳೂ ಬರುತ್ತೇನೆಂದಿದ್ದಾಳೆ. ಅವಳನ್ನೂ ಸೇರಿಸಿ ಈವರೆಗೆ ಒಂಬತ್ತು ಮಂದಿ ಒಪ್ಪಿದ್ದಾರೆ.