ಊಟ ಹೋಟೆಲಿನದು, ಬಾಟಲಿ ಗಿರಾಕಿಯದು: ಕಾನೂನು ಏನೆನ್ನುತ್ತದೆ?

ಹೆದ್ದಾರಿ ಬದಿಯ ಡಾಬಾಗಳಲ್ಲಿ, ಊರಂಚಿನ ಮಾಂಸಾಹಾರಿ ಹೋಟೆಲುಗಳಲ್ಲಿ ಆಗಾಗ ಕಾಣಸಿಗುವ ದೃಶ್ಯವಿದು. ಮದ್ಯದಂಗಡಿಯಲ್ಲಿ ಕೊಂಡ ಬಾಟಲಿಯನ್ನು ಗಿರಾಕಿ ಚೀಲದಲ್ಲಿಟ್ಟುಕೊಂಡು ಬರುತ್ತಾನೆ. ಮಾಲೀಕ ಲೋಟ, ನೀರು, ಸೋಡಾ ಒದಗಿಸುತ್ತಾನೆ. ‘ನಾವೇನೂ ಮದ್ಯ ಮಾರುತ್ತಿಲ್ಲವಲ್ಲ, ನಮಗೇಕೆ ಸನ್ನದು?’ ಎಂಬುದು ಅವನ ಸಮಾಧಾನ. ಆದರೆ ಕಾನೂನು ಈ ಸಮಾಧಾನವನ್ನು ಒಪ್ಪುವುದಿಲ್ಲ.

ರಾಜ್ಯದಲ್ಲಿ ಮದ್ಯ ನಿಯಂತ್ರಣದ ಮೂಲ ಶಾಸನ 1965ರ ಕರ್ನಾಟಕ ಅಬಕಾರಿ ಕಾಯ್ದೆ. ಅದರ 15ಎ ಕಲಂ ಸಾರ್ವಜನಿಕ ಸ್ಥಳಗಳಲ್ಲಿ ಮದ್ಯಪಾನವನ್ನು ನಿಷೇಧಿಸುತ್ತದೆ. ಸನ್ನದು ಇಲ್ಲದ ಹೋಟೆಲ್, ಡಾಬಾ, ಚಿಲ್ಲರೆ ಅಂಗಡಿಗಳಲ್ಲಿ ಕುಡಿಯಲು ಸ್ಥಳಾವಕಾಶ ಮಾಡಿಕೊಟ್ಟವರ ಮೇಲೆ ಪೊಲೀಸರು ಸಾಮಾನ್ಯವಾಗಿ ಈ ಕಲಂ ಹಾಗೂ 32(3)ನೇ ಕಲಮಿನಡಿ ಪ್ರಕರಣ ದಾಖಲಿಸುತ್ತಾರೆ. ಅಂದರೆ ಇಲ್ಲಿ ಪ್ರಶ್ನೆ ಮಾರಾಟದ್ದು ಮಾತ್ರವಲ್ಲ, ಜಾಗ ಕೊಟ್ಟದ್ದೂ ಆಗಿದೆ.

ಸನ್ನದುಗಳು ಹಲವು

1968ರ ನಿಯಮಗಳಲ್ಲಿ ಸನ್ನದುಗಳನ್ನು ವರ್ಗೀಕರಿಸಲಾಗಿದೆ. ಸಿಎಲ್-2 ಚಿಲ್ಲರೆ ಮಳಿಗೆಯವರದು; ಅವರು ಮೊಹರಾದ ಬಾಟಲಿ ಮಾರಬಹುದು, ಅಂಗಡಿಯಲ್ಲೇ ಕುಡಿಯಲು ಬಿಡುವಂತಿಲ್ಲ. ಕ್ಲಬ್ಬುಗಳಿಗೆ ಸಿಎಲ್-4, ವಸತಿಗೃಹ ಸಹಿತ ಹೋಟೆಲುಗಳಿಗೆ ಸಿಎಲ್-7, ಬಾರ್ ಅಂಡ್ ರೆಸ್ಟೋರೆಂಟುಗಳಿಗೆ ಸಿಎಲ್-9 ಬೇಕು. ‘ಬಾಟಲಿ ನಿಮ್ಮದು, ಜಾಗ ನಮ್ಮದು’ ಎನ್ನುವ ಹೋಟೆಲಿಗೆಂದೇ ಪ್ರತ್ಯೇಕ ವರ್ಗವಿಲ್ಲ. ಸಿಎಲ್-2 ಮತ್ತು ಸಿಎಲ್-9 ವರ್ಗಗಳಲ್ಲಿ ಹೊಸ ಸನ್ನದು ನೀಡಿಕೆಯನ್ನು ಸರ್ಕಾರ 1992ರಲ್ಲೇ ತಡೆಹಿಡಿದಿದ್ದರಿಂದ ಇರುವ ಸನ್ನದುಗಳಿಗೆ ಭಾರಿ ಬೆಲೆ ಬಂದಿತು. ಸಣ್ಣ ಹೋಟೆಲಿನವರು ಅಡ್ಡದಾರಿ ಹಿಡಿಯಲು ಇದೂ ಒಂದು ಕಾರಣ.

ಸಮಾರಂಭಗಳಿಗೆ ಬೇರೆ ದಾರಿಯಿದೆ. ಪಾರ್ಟಿ ಹಾಲ್ ಅಥವಾ ತೋಟದಲ್ಲಿ ಔತಣಕೂಟ ಏರ್ಪಡಿಸಿ ಮದ್ಯ ಪೂರೈಸಬೇಕೆಂದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಪಡೆಯಬೇಕು. ಅದು ನಮೂದಿಸಿದ ದಿನ ಮತ್ತು ಸ್ಥಳಕ್ಕಷ್ಟೇ ಸೀಮಿತ.

ನ್ಯೂಜೆರ್ಸಿಯ ಮಾದರಿ

ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಪರಿಸ್ಥಿತಿ ಭಿನ್ನ. ಅಲ್ಲಿ ಪ್ರತಿ 3,000 ಜನಸಂಖ್ಯೆಗೆ ಒಂದರಂತೆ ಮಾತ್ರ ಹೊಸ ಬಾರ್ ಸನ್ನದು ನೀಡಬಹುದು. ಹೀಗಾಗಿ ಸನ್ನದಿನ ಬೆಲೆ ಲಕ್ಷಾಂತರ ಡಾಲರ್ ಮುಟ್ಟುತ್ತದೆ. ಅದಿಲ್ಲದ ರೆಸ್ಟೋರೆಂಟಿಗೂ ಗಿರಾಕಿ ತನ್ನ ವೈನ್ ಅಥವಾ ಬಿಯರ್ ತರಲು ರಾಜ್ಯದ ಕಾನೂನು ಅವಕಾಶ ಕೊಟ್ಟಿದೆ. ವಿಸ್ಕಿ, ರಮ್‌ಗೆ ಅವಕಾಶವಿಲ್ಲ. ಬಾಟಲಿ ತೆರೆದದ್ದಕ್ಕೆ ಮಾಲೀಕ ಶುಲ್ಕ ವಸೂಲು ಮಾಡುವಂತಿಲ್ಲ. ಜಾಹೀರಾತಿಗಿದ್ದ ನಿಷೇಧವನ್ನು ಫೆಡರಲ್ ನ್ಯಾಯಾಲಯವೊಂದು 2018ರಲ್ಲಿ ಅಸಾಂವಿಧಾನಿಕವೆಂದು ಸಾರಿತು.

ಆದರೆ ಕೊನೆಯ ಮಾತು ಊರಿನದೇ. ಪುರಸಭೆ ಬಯಸಿದರೆ ಈ ಪದ್ಧತಿಯನ್ನು ಪೂರ್ತಿ ನಿಷೇಧಿಸಬಹುದು. ಮದ್ಯ ಮಾರಾಟವಿಲ್ಲದ ಓಷನ್ ಸಿಟಿ ಪಟ್ಟಣದಲ್ಲಿ 2012ರಲ್ಲಿ ಈ ಕುರಿತು ಜನಮತ ನಡೆದಾಗ ಮತದಾರರು ‘ಬೇಡ’ ಎಂದರು. ಅದೇ ರಾಜ್ಯದ ಕಾಲಿಂಗ್ಸ್‌ವುಡ್‌ನಲ್ಲಿಯೂ ಮದ್ಯ ಮಾರಾಟವಿಲ್ಲ. ಆದರೆ ಬಾಟಲಿ ತರಲು ಬಿಡುವ ರೆಸ್ಟೋರೆಂಟುಗಳಿಂದಲೇ ಅದು ಹೆಸರಾಗಿದೆ.

ಅಂತಹ ನಿಯಮ ನಮ್ಮಲ್ಲೂ ಬೇಕೇ ಎಂಬುದು ಚರ್ಚೆಯ ವಿಷಯ. ಸಣ್ಣ ಹೋಟೆಲುಗಳಿಗೆ ಅದು ಜೀವ ತುಂಬೀತು. ನೆರೆಹೊರೆಯವರ ನೆಮ್ಮದಿ ಕೆಡಿಸಲೂಬಹುದು. ರಾಜ್ಯದ ಅಬಕಾರಿ ನಿಯಮಗಳು 21 ವರ್ಷದೊಳಗಿನವರಿಗೆ ಮದ್ಯ ಮಾರುವುದನ್ನು ನಿರ್ಬಂಧಿಸುತ್ತವೆ. ಚೀಲದಿಂದ ಬಾಟಲಿ ತೆಗೆಯುವವನ ವಯಸ್ಸನ್ನು ಡಾಬಾದಲ್ಲಿ ಕೇಳುವವರಾರು?

ಸದ್ಯಕ್ಕಂತೂ ಗಿರಾಕಿಗಳು ನೆನಪಿಡಬೇಕಾದದ್ದು ಇಷ್ಟೇ: ಲೋಟ ಕೊಟ್ಟ ಮಾತ್ರಕ್ಕೆ ಅನುಮತಿ ಇದೆಯೆಂದಲ್ಲ. ಗೋಡೆಯ ಮೇಲೆ ಸನ್ನದು ಕಾಣದಿದ್ದರೆ ಬಾಟಲಿ ಚೀಲದಲ್ಲೇ ಇರಲಿ.