ಒಂದು ಕ್ಲಿಕ್ಕಿಗೆ ನಲವತ್ತೇಳು ರೂಪಾಯಿ

1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ‘ಶೋಲೆ’ ಚಿತ್ರೀಕರಣ ಶುರುವಾದಾಗ ಫಿಲ್ಮಿನ ಖರ್ಚನ್ನು ಅಡಿಯಲ್ಲಿ ಅಳೆಯುತ್ತಿದ್ದರು. 35 ಎಂಎಂ ರೀಲು ಸೆಕೆಂಡಿಗೆ 24 ಫ್ರೇಮಿನಂತೆ ಓಡಿದರೆ ನಿಮಿಷಕ್ಕೆ 90 ಅಡಿ ಖಾಲಿ. 400 ಅಡಿಯ ರೋಲು ನಾಲ್ಕೂವರೆ ನಿಮಿಷವೂ ಬಾಳದು. ನಟ ಮಾತು ತಪ್ಪಲಿ, ಮೋಡ ಅಡ್ಡ ಬರಲಿ, ಓಡಿದ ಫಿಲ್ಮು ಓಡಿದ್ದೇ. ಜಯಾ ಭಾದುರಿ ದೀಪ ಆರಿಸುವ ಪುಟ್ಟ ದೃಶ್ಯಕ್ಕೆ ಬೇಕಾದ ಮುಸ್ಸಂಜೆ ಬೆಳಕು ದಿನಕ್ಕೆ ಕೆಲವೇ ನಿಮಿಷ ಸಿಗುತ್ತಿತ್ತು. ಛಾಯಾಗ್ರಾಹಕ ದ್ವಾರಕಾ ದಿವೇಚಾ ಅದಕ್ಕಾಗಿ ಇಪ್ಪತ್ತು ದಿನ ತೆಗೆದುಕೊಂಡರಂತೆ. ಹತ್ತು ವರ್ಷದ ಮೇಲೆ ನಿರ್ದೇಶಕ ಡೇವಿಡ್ ಲೀನ್ ‘ಎ ಪ್ಯಾಸೇಜ್ ಟು ಇಂಡಿಯಾ’ದ ಗುಹೆಗಳಿಗಾಗಿ ಮಾಗಡಿಯ ಸಾವನದುರ್ಗಕ್ಕೆ ಬಂದರು.

ಅದು ಬೊಂಬಾಯಿ, ಲಂಡನ್ನಿನ ದುಡ್ಡು. ಚನ್ನಪಟ್ಟಣ, ಕನಕಪುರದಂಥ ಊರುಗಳ ಸ್ಟುಡಿಯೋದವರ ಲೆಕ್ಕವೇ ಬೇರೆ. ಮದುವೆಗೆ ಎಷ್ಟು ರೋಲು ಎಂಬುದು ಮೊದಲೇ ಮಾತಾಗುತ್ತಿತ್ತು. 36ರ ರೋಲನ್ನು ಹುಷಾರಾಗಿ ತುಂಬಿದರೆ 37, ಅದೃಷ್ಟವಿದ್ದರೆ 38 ಫೋಟೊ ದಕ್ಕುತ್ತಿದ್ದವು. ‘ನಮ್ಮದೊಂದು ತೆಗೀರಿ’ ಎಂದು ಮೂರನೇ ಸಲ ಸಾಲುಗಟ್ಟುವ ನೆಂಟರಿಗೆ ಬರೀ ಫ್ಲ್ಯಾಷ್ ಹೊಡೆದು ಕಳಿಸುವ ಜಾಣರೂ ಇದ್ದರು. ಆಲ್ಬಮ್ ಬಂದಾಗ ಆ ನೆಂಟರು ತಮ್ಮ ಮುಖ ಹುಡುಕಿ ಸುಸ್ತಾಗಿರಬೇಕು.

ಈಗ ಅಜ್ಜನ ಪೆಟ್ಟಿಗೆಯ ಯಾಶಿಕಾ ಕ್ಯಾಮೆರಾ ಒರೆಸಿಕೊಂಡು ಬೆಟ್ಟ ಹತ್ತುವ ಹುಡುಗ ಹುಡುಗಿಯರಿಗೆ ಆ ಜಿಪುಣತನ ಮತ್ತೆ ಅಂಟಿಕೊಂಡಿದೆ. 36 ಫ್ರೇಮಿನ ಕಲರ್ ರೋಲಿನ ಬೆಲೆ ಸಾವಿರ ರೂಪಾಯಿ ದಾಟಿದೆ. ರೋಲಿಗೆ 1,200, ತೊಳೆಸಿ ಸ್ಕ್ಯಾನ್ ಮಾಡಿಸಲು 500 ಎಂದಿಟ್ಟುಕೊಂಡರೆ ಒಂದು ಕ್ಲಿಕ್ಕಿಗೆ 47 ರೂಪಾಯಿ ಬೀಳುತ್ತದೆ. ಕಣ್ಣು ಮುಚ್ಚಿದ ಗೆಳೆಯನ ಫೋಟೊಗೂ ಅಷ್ಟೇ.

ಫಿಲ್ಮಿನಲ್ಲಿ ಬೆಳಕು ಹಿಡಿಯುವುದು ಬೆಳ್ಳಿಯ ಲವಣ. ಅದನ್ನು ಜೆಲಾಟಿನ್‌ನಲ್ಲಿ ಕಲಸಿ, ಕಗ್ಗತ್ತಲಲ್ಲಿ, ತೆಳು ಪದರಗಳಾಗಿ ಬಳಿಯುತ್ತಾರೆ. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಫಿಲ್ಮಿನ ಬೆಲೆಯೂ ಏರಿತ್ತು. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿ ಆ ದಾಖಲೆಯನ್ನೂ ಮುರಿಯಿತು. ಆದರೂ ಪೂರ್ತಿ ತಪ್ಪನ್ನು ಬೆಳ್ಳಿಯ ತಲೆಗೆ ಕಟ್ಟುವುದು ಸರಿಯಲ್ಲ. ಡಿಜಿಟಲ್ ಬಂದ ಮೇಲೆ ತಯಾರಕರು ಒಬ್ಬೊಬ್ಬರಾಗಿ ಕೈಬಿಟ್ಟರು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು, ಹೇಗೋ ಉಳಿದುಕೊಂಡಿತು. ಮರುವರ್ಷ ಫ್ಯೂಜಿ ಸಿನಿಮಾ ಶೂಟಿಂಗಿನ ನೆಗೆಟಿವ್ ನಿಲ್ಲಿಸಿತು. ಆಮೇಲೆ ಹೊಸ ತಲೆಮಾರು ಫಿಲ್ಮಿಗೆ ಮರಳಿದರೂ, ಮುಚ್ಚಿದ ಕಾರ್ಖಾನೆಗಳು ಮರಳಲಿಲ್ಲ.

ನಮ್ಮ ಪಕ್ಕದಲ್ಲೇ ಒಂದಿತ್ತು. ಊಟಿಯ ತಂಪು, ಧೂಳಿಲ್ಲದ ಗಾಳಿ ನೋಡಿ ಕಟ್ಟಿದ ಸರ್ಕಾರಿ ಕಾರ್ಖಾನೆ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ 1967ರಲ್ಲಿ ಉತ್ಪಾದನೆ ಆರಂಭಿಸಿತ್ತು. ಕಪ್ಪು-ಬಿಳುಪಿನ ‘ಇಂದು’ ರೋಲು ಅಲ್ಲಿಯದೇ. ಸಾಲ, ನಷ್ಟದಲ್ಲಿ ಅದೂ ಬಾಗಿಲು ಹಾಕಿತು. ಹಾಗಾಗಿ ಇಂದು ಕೈಗೆ ಬರುವ ರೋಲೆಂದರೆ ವಿದೇಶದ್ದೇ: ಡಾಲರ್ ದರ, ಸಾಗಣೆ, ಸುಂಕ, ಜಿಎಸ್‌ಟಿ ಎಲ್ಲವೂ ಅದರ ಬೆನ್ನೇರಿ ಬರುತ್ತವೆ.

ಉಳಿತಾಯದ ದಾರಿಗಳಿಲ್ಲದಿಲ್ಲ. ಅವಧಿ ಮೀರಿದ ರೋಲು ಅಗ್ಗವಾಗಿ ಸಿಗುತ್ತದೆ, ಬಣ್ಣ ಮಾತ್ರ ದೇವರ ಇಚ್ಛೆ. ಕಪ್ಪು-ಬಿಳುಪಿನವರು ಮನೆಯಲ್ಲೇ ತೊಳೆದುಕೊಳ್ಳುತ್ತಾರೆ. ಅದಕ್ಕೆ ಬೇಕಾದ 20 ಡಿಗ್ರಿ ನೀರಿಗಾಗಿ ಬೇಸಿಗೆಯಲ್ಲಿ ಐಸ್ ತುಂಡು ಹಾಕಬೇಕು. ಇನ್ನೂ ಪಳಗಿದವರು ನೂರಡಿಯ ಡಬ್ಬಿಯನ್ನೇ ತರಿಸುತ್ತಾರೆ. ಬೆಳಕು ನುಗ್ಗದ ಕಪ್ಪು ಚೀಲದೊಳಗೆ ಕೈಯಿಟ್ಟು, ಬೆರಳಿನಲ್ಲೇ ತಡಕಾಡುತ್ತಾ, ಸುಮಾರು ಐದೂವರೆ ಅಡಿಯಂತೆ ಕತ್ತರಿಸಿ ಖಾಲಿ ಸುರುಳಿಗಳಿಗೆ ಸುತ್ತುತ್ತಾರೆ. ಒಂದು ಡಬ್ಬಿಗೆ ಹದಿನೆಂಟು ರೋಲು. ಕೊನೆಯಲ್ಲಿ ಉಳಿಯುವ ಮೊಳದುದ್ದದ ತುಂಡನ್ನೂ ಎಸೆಯುವುದಿಲ್ಲ.